ಮೊಳೆಗೆ ನೇತುಹಾಕಿದ್ದ ಬ್ರೇಕ್ ಆಯಿಲ್

ಬ್ರೇಕ್ ಕಂಡೀಷನ್ನಾಗಿದೆ ಎಂದು ನಾನು ಫೋನಿನಲ್ಲಿ ಹೇಳಿದ ಒಂದು ಮಾತಿಗೆ ಒಬ್ಬ ಮನುಷ್ಯನ ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ನನಗೆ ಒಂಬತ್ತು ದಿನ ಹಿಡಿಯಿತು.

ರಾಮನಗರದಿಂದ ಕನಕಪುರದ ಕಡೆ ಹೊರಟರೆ ಎಡಕ್ಕೆ ಸಿಗುವ ಗ್ಯಾರೇಜು ನನ್ನದು. ಕೈ ಚೆನ್ನಾಗಿದೆ ಎಂದು ಜನ ಹೇಳುತ್ತಾರೆ, ಬಾಯಿ ಚೆನ್ನಾಗಿಲ್ಲ ಎಂದೂ ಹೇಳುತ್ತಾರೆ. ಎರಡೂ ನಿಜ. ಗಾಡಿಯ ಬಗ್ಗೆ ಯಾರಾದರೂ ನನಗೇ ಪಾಠ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ.

ಗಾಡಿ ಒಬ್ಬ ಫಿಲೇಚರ್ ಯಜಮಾನರದ್ದು. ಫಿಲೇಚರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಜಾಗ. ಹತ್ತು ವರ್ಷದ ಹಳೆಯ ಡೀಸೆಲ್ ಕಾರು, ಮೊದಲಿನಿಂದಲೂ ರಿಪೇರಿ ನನ್ನಲ್ಲೇ. ಓಡಿಸುತ್ತಿದ್ದವನು ಐವತ್ತರ ಹತ್ತಿರದ ಡ್ರೈವರು. ಆ ಮನೆಯಲ್ಲಿ ಇದಕ್ಕಿಂತ ಮುಂಚಿನ ಎರಡು ಗಾಡಿಗಳನ್ನೂ ಅವನೇ ಓಡಿಸಿದ್ದ. ಒಂದು ಗೀಟು ಬೀಳದಂತೆ ಇಟ್ಟುಕೊಂಡವನು. ನನಗೂ ಅವನಿಗೂ ಈ ಗಾಡಿಯಷ್ಟೇ ವರ್ಷದ ಗೆಳೆತನ.

ಆ ಭಾನುವಾರ ಯಜಮಾನರ ಮನೆಯವರೆಲ್ಲ ಕನಕಪುರದ ಹತ್ತಿರದ ನೆಂಟರ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಎರಡು ನದಿ ಸೇರುವ ಸಂಗಮಕ್ಕೆ ಹೊರಟಿದ್ದರು. ಗಾಡಿ ತುಂಬ ಆರು ಜನ. ಯಜಮಾನರ ತಾಯಿ, ಎಲ್ಲರೂ ಅವ್ವ ಎನ್ನುತ್ತಾರೆ, ಮುಂದಿನ ಸೀಟಿನಲ್ಲಿ. ಸಂಗಮಕ್ಕೆ ಇಳಿಯುವ ರಸ್ತೆ ಗೊತ್ತಿದ್ದವರಿಗೆ ಗೊತ್ತು: ತಿರುವಿನ ಮೇಲೆ ತಿರುವು, ಕಾಲು ಬ್ರೇಕಿನ ಮೇಲಿಂದ ಏಳುವುದೇ ಇಲ್ಲ. ಮುಂದೆ ಒಂದು ಬಸ್ಸು ಬೇರೆ ಅಡ್ಡ. ಕೊನೆಯ ತಿರುವುಗಳಲ್ಲಿ ಪೆಡಲ್ ನೆಲಕ್ಕೆ ಇಳಿದುಹೋಯಿತು. ಡ್ರೈವರು ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪ್ರಪಾತದ ಕಡೆ ಬಿಟ್ಟು ಗುಡ್ಡದ ಕಡೆಯ ಮಣ್ಣಿಗೆ ಮೂತಿ ಕೊಟ್ಟು ನಿಲ್ಲಿಸಿದ. ಹೆಡ್‌ಲೈಟು ಒಡೆಯಿತು, ಅವ್ವನ ಹಣೆ ಊದಿತು. ಅಷ್ಟೇ.

ಎಲ್ಲರೂ ಇಳಿದು, ನೀರು ಕುಡಿದು, ಸುಧಾರಿಸಿಕೊಂಡು ಅರ್ಧ ಗಂಟೆಯ ಮೇಲೆ ಯಜಮಾನರು ತಾವೇ ಕೂತು ಪೆಡಲ್ ತುಳಿದು ನೋಡಿದರು. ಗಟ್ಟಿಯಾಗಿತ್ತು. ಮತ್ತೆ ತುಳಿದರು. ಗಟ್ಟಿ. ಹೋಳಿಗೆ ಊಟ, ಮಧ್ಯಾಹ್ನದ ಬಿಸಿಲು, ಇವನು ತೂಕಡಿಸಿದ್ದಾನೆ ಎಂದು ಅಲ್ಲೇ ತೀರ್ಮಾನ ಮಾಡಿದರು. ಹಿಂದೆ ಕೂತಿದ್ದ ಅವರು ಫೋನು ನೋಡುತ್ತಿದ್ದರು, ಉಳಿದವರು ಹರಟೆಯಲ್ಲಿದ್ದರು, ಮುಂದಿದ್ದ ಅವ್ವನಿಗೆ ಗಾಡಿ ಗುದ್ದಿದಾಗಲೇ ಎಚ್ಚರ. ಅವನ ಪರ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

ಸೋಮವಾರ ಗಾಡಿ ನನ್ನ ಹತ್ತಿರ ಬಂತು. ಬ್ರೇಕಿನಲ್ಲಿ ದೋಷ ಇದ್ದರೆ ಹೇಳು, ಇಲ್ಲದಿದ್ದರೆ ಅವನ ದಾರಿ ಅವನಿಗೆ ಎಂದು ಯಜಮಾನರು ಹೇಳಿ ಕಳಿಸಿದ್ದರು. ನಾಲ್ಕು ಚಕ್ರವನ್ನೂ ಬಿಚ್ಚಿದೆ. ಪ್ಯಾಡುಗಳು ಮೂರು ತಿಂಗಳ ಹಿಂದೆ ನಾನೇ ಹಾಕಿದ್ದು, ಹೊಸದರಂತಿದ್ದವು. ಹಿಂದಿನ ಡ್ರಮ್ಮು ಸರಿ. ಪೈಪಿನಲ್ಲಿ ಎಲ್ಲೂ ಒಂದು ಹನಿ ಒಸರಿರಲಿಲ್ಲ. ಪೆಡಲಿಗೆ ಬಲ ಕೊಡುವ ಬೂಸ್ಟರ್ ಹಿಡಿಯುತ್ತಿತ್ತು. ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಗುರುತಿನವರೆಗೂ ಇತ್ತು, ಬಣ್ಣ ಮಾತ್ರ ಒಸಿ ಟೀ ಡಿಕಾಕ್ಷನ್ನಿನಂತೆ. ಹಳೇ ಗಾಡಿ ಎಂದುಕೊಂಡೆ. ಕನಕಪುರ ರಸ್ತೆಯಲ್ಲಿ ಅರವತ್ತರಲ್ಲಿ ಹೋಗಿ ತುಳಿದೆ, ಗೀಟು ಎಳೆದಂತೆ ನಿಂತಿತು. ನಾಲ್ಕು ಸಲ ತುಳಿದೆ, ನಾಲ್ಕು ಸಲವೂ ನಿಂತಿತು. ಫೋನು ಮಾಡಿ, ಬ್ರೇಕ್ ಕಂಡೀಷನ್ನಾಗಿದೆ, ನಾನು ಮಾಡಿದ ಕೆಲಸದಲ್ಲಿ ದೋಷ ಇರುವ ಮಾತೇ ಇಲ್ಲ ಎಂದೆ. ಆ ಎರಡನೆಯ ಮಾತು ಹೇಳು ಎಂದು ಯಾರೂ ಕೇಳಿರಲಿಲ್ಲ. ನನ್ನ ಬಾಯಿ.

ಮಾರನೆಯ ಬೆಳಿಗ್ಗೆ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ, ಹರಾಜಿಗೆ ಬಂದಿದ್ದ ನೂಲು ತೆಗೆಯುವ ರೀಲರುಗಳು, ರೈತರು, ಡ್ರೈವರುಗಳ ಮುಂದೆ ಯಜಮಾನರು ಅವನ ಹತ್ತಿರ ಇರುತ್ತಿದ್ದ ಗಾಡಿಯ ಇನ್ನೊಂದು ಕೀ ಇಸಿದುಕೊಂಡರು. ಆರು ಜನರನ್ನು ಕೊಲ್ಲುತ್ತಿದ್ದೆಯಲ್ಲೋ, ನಿದ್ದೆ ಹೊಡೆಯುವವನಿಗೆ ಸ್ಟೀರಿಂಗ್ ಯಾಕೆ ಎಂದು ಕೂಗಾಡಿದರಂತೆ. ಸುದ್ದಿ ನನಗೆ ಮಧ್ಯಾಹ್ನದೊಳಗೆ ಮುಟ್ಟಿತು. ಪಾಪ ಅನ್ನಿಸಿತು. ಆದರೆ ವಯಸ್ಸಾಯಿತು, ತೂಕಡಿಸಿರಬೇಕು ಎಂದು ನಾನೂ ನಂಬಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಅವನು ಗ್ಯಾರೇಜಿಗೆ ಬಂದ. ಜಗಳಕ್ಕೆ ಬಂದ ಎಂದುಕೊಂಡು ನಾನೂ ಸೆಟೆದು ನಿಂತೆ. ಅವನು ಕೇಳಿದ್ದು ಕೆಲಸ. ಗಾಡಿ ತೊಳೆಯುವ ಕೆಲಸವಾದರೂ ಸರಿ ಎಂದ. ಮೂರು ಕಡೆ ವಿಚಾರಿಸಿದ್ದನಂತೆ. ನಿದ್ದೆ ಹೊಡೆಯುವ ಡ್ರೈವರು ಎಂಬ ಹೆಸರು ಅವನಿಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿತ್ತು. ನಾನು ಟೀ ತರಿಸಿದೆ. ಟೀ ಮುಗಿಸಿ ಲೋಟ ಕೆಳಗಿಟ್ಟು ಅವನು ಹೇಳಿದ:

"ನಿನ್ ಮೇಲೆ ನಂಗೆ ಕ್ವಾಪ ಇಲ್ಲ ಕಣಣ್ಣ. ಬ್ರೇಕ್ ಐತೆ ಅಂದೆ, ಇತ್ತು. ಆದ್ರೆ ಆ ಇಳಿಜಾರಲ್ಲಿ ಇರ್ನಿಲ್ಲ. ಹತ್ತಿ ಮೂಟೆ ತುಳ್ದಂಗಾಯ್ತು. ಅರ್ಧ ಗಂಟೆ ಬುಟ್ಟು ತುಳುದ್ರೆ ಕಲ್ಲಿನಂಗೆ ನಿಂತ್ಕತು."

"ಇನ್ನೊಂದ್ ಸತಿ ಹೇಳು. ಹತ್ತಿ ಮೂಟೆ ಅಂದ್ಯಾ?"

"ಹತ್ತಿ ಮೂಟೆ. ಕಾಲಿಗೆ ಅಡ್ಡ ಏನೂ ಸಿಗ್ನಿಲ್ಲ."

ತಪ್ಪು ಮುಚ್ಚಿಕೊಳ್ಳಲು ಸುಳ್ಳು ಹೇಳುವವನು ಬ್ರೇಕ್ ಕಟ್ಟಾಯಿತು ಎನ್ನುತ್ತಾನೆ. ಹತ್ತಿ ಮೂಟೆ, ಅರ್ಧ ಗಂಟೆಯ ಮೇಲೆ ಕಲ್ಲು, ಇದನ್ನು ಯಾರೂ ಕಟ್ಟಿ ಹೇಳಲಾರರು. ಇದು ಬ್ರೇಕ್ ಆಯಿಲ್ ಕುದಿದ ಲಕ್ಷಣ. ಬ್ರೇಕ್ ಆಯಿಲ್‌ಗೆ ಒಂದು ಕೆಟ್ಟ ಗುಣವಿದೆ. ಆಷಾಢದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದಿಲ್ಲವೇ, ಹಾಗೆ ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಹೊಸದಾಗಿದ್ದಾಗ ಇನ್ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ನೀರು ಸೇರಿದರೆ ಅದಕ್ಕಿಂತ ಬಹಳ ಮುಂಚೆಯೇ ಕುದಿಯುತ್ತದೆ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದು. ಉದ್ದನೆಯ ಇಳಿಜಾರಿನಲ್ಲಿ ಚಕ್ರ ಕಾದಾಗ ಒಳಗೆ ಆವಿ ಏಳುತ್ತದೆ. ಆಯಿಲ್ ತುಳಿದರೆ ಕುಗ್ಗದು, ಆವಿ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ. ನಾನು ನಾಲ್ಕು ಸಲ ತುಳಿದು ನೋಡಿದ್ದು ತಣ್ಣಗಿದ್ದ ಗಾಡಿಯನ್ನು.

ಬ್ರೇಕ್ ಆಯಿಲ್‌ನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಪೆನ್ನಿನಂಥ ಟೆಸ್ಟರ್ ಒಂದಿದೆ. ಯಾವಾಗಲೋ ತರಿಸಿ, ಆಟದ ಸಾಮಾನು ಎಂದು ಡ್ರಾಯರಿಗೆ ಎಸೆದಿದ್ದೆ. ಹುಡುಕಿ ತೆಗೆದೆ. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಒಡೆದ ಲೈಟಿನ ಸಾಮಾನು ಬಾರದೆ ಗಾಡಿ ಇನ್ನೂ ನನ್ನ ಶೆಡ್ಡಿನಲ್ಲೇ ಇತ್ತು. ಅದರ ಡಬ್ಬಿಗೆ ಅದ್ದಿದೆ. ಕೆಂಪು. ನೋಡಿದೆಯಾ ಎಂದು ಡ್ರೈವರನ ಬೆನ್ನಿಗೆ ಗುದ್ದಿದೆ. ಪ್ಯಾಡಿನ ಜೊತೆ ಆಯಿಲೂ ತುಂಬಿಸಿ ಮೂರೇ ತಿಂಗಳು, ಇಷ್ಟು ನೀರು ಎಲ್ಲಿಂದ ಬಂತು ಎಂದು ಅವನು ಸುಮ್ಮನೆ ಕೇಳಿದ.

ಅಷ್ಟರಲ್ಲಿ ನನ್ನ ಕಣ್ಣು ಗೋಡೆಯ ಮೇಲೆ ಹೋಗಿತ್ತು.

ಗಾಡಿ ತೊಳೆಯುವ ಜಾಗದ ಪಕ್ಕದ ಗೋಡೆಗೆ ಒಂದು ಮೊಳೆ, ಆ ಮೊಳೆಗೆ ಒಂದು ನೀರಿನ ಬಾಟಲಿ. ಮುಚ್ಚಳಕ್ಕೆ ತೂತು. ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ಇದೇ ಪದ್ಧತಿ. ಅಂಗಡಿಯಿಂದ ತಂದ ಡಬ್ಬಿಯಿಂದ ಬ್ರೇಕ್ ಆಯಿಲ್ ಬಾಟಲಿಗೆ ಬಗ್ಗಿಸಿಕೊಂಡು, ಬೇಕಾದಾಗ ಹಿಚುಕಿ ಹಾಕುವುದು. ಯಾವುದಾದರೂ ಗಾಡಿಯಿಂದ ತೆಗೆದದ್ದು ತಿಳಿಯಾಗಿ ಕಂಡರೆ ಅದನ್ನೂ ಬಟ್ಟೆಯಲ್ಲಿ ಸೋಸಿ ಅದಕ್ಕೇ ಸೇರಿಸುವುದು. ಚೆಲ್ಲಬೇಡ, ಲಕ್ಷ್ಮಿ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಮಳೆಗಾಲವೆಲ್ಲ ಆ ತೂತಿನ ಬಾಟಲಿ ನೀರಿನ ಪಕ್ಕದಲ್ಲೇ ತೂಗಿತ್ತು. ಪ್ಯಾಡು ಹಾಕಿದಾಗ ಯಜಮಾನರ ಗಾಡಿಗೆ ಬಿದ್ದದ್ದು ಅದರದ್ದೇ.

ಬಾಟಲಿಗೆ ಪೆನ್ನು ಅದ್ದಿದೆ. ಕೆಂಪು. ಸೀಲು ಒಡೆಯದ ಹೊಸ ಡಬ್ಬಿ ಒಡೆದು ಅದ್ದಿದೆ. ಹಸಿರು.

ಡ್ರೈವರಿಗೆ ಇನ್ನೂ ಅರ್ಥವಾಗಿರಲಿಲ್ಲ, ಪೆನ್ನಿನ ಬಣ್ಣ ನೋಡುತ್ತ ನಿಂತಿದ್ದ. ಒಂದು ಸುಲಭದ ದಾರಿ ಇತ್ತು, ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಕೆಟ್ಟಿತ್ತು, ಕಂಪನಿ ಮಾಲೇ ಹಾಗೆ ಎಂದು ಹೇಳಿಬಿಡಬಹುದಿತ್ತು. ಇವನ ಕೆಲಸವೂ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಆ ಬಾಟಲಿಯಿಂದ ನಾನು ತುಂಬಿಸಿದ್ದು ಇದೊಂದೇ ಗಾಡಿಗಲ್ಲ. ಮಾಗಡಿ ಕಡೆ ಮಕ್ಕಳನ್ನು ಕರೆದೊಯ್ಯುವ ಶಾಲೆಯ ವ್ಯಾನೂ ಅದರಲ್ಲಿತ್ತು. ಆ ವ್ಯಾನು ನೆನಪಾದ ಮೇಲೆ ಸುಳ್ಳು ಹೇಳುವ ಧೈರ್ಯ ನನಗೆ ಉಳಿಯಲಿಲ್ಲ. ಅವನ ಎದುರಿಗೇ ಯಜಮಾನರಿಗೆ ಫೋನು ಮಾಡಿದೆ.

"ಯಜಮಾನ್ರೆ, ನಿಮ್ ಡ್ರೈವರು ನಿದ್ದೆ ಮಾಡಿರ್ನಿಲ್ಲ. ಬ್ರೇಕ್ ಓಗಿತ್ತು. ಓಗೋ ಅಂಗೆ ಮಾಡ್ದೋನು ನಾನು."

ಡ್ರೈವರು ಅಲ್ಲೇ ಟೈರಿನ ಮೇಲೆ ಕೂತ. ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಟವಲ್ಲಿನಿಂದ ಮುಖ ಮುಚ್ಚಿಕೊಂಡ.

ಶನಿವಾರ ಯಜಮಾನರು ಬಂದರು, ಮುಖ ಗಂಟಿಕ್ಕಿಕೊಂಡು. ಅವರಿಗೆ ನಂಬಿಕೆ ಬರಲಿಲ್ಲ. ಗೆಳೆಯನನ್ನು ಉಳಿಸಲು ತಪ್ಪನ್ನು ತಲೆ ಮೇಲೆ ಹಾಕಿಕೊಳ್ಳುತ್ತಿದ್ದೀಯ, ಸೋಮವಾರ ಒಂದು ಹೇಳಿದೆ, ಶುಕ್ರವಾರ ಇನ್ನೊಂದು ಹೇಳಿದೆ, ನಿನ್ನ ಯಾವ ನಾಲಿಗೆಯನ್ನು ನಂಬಲಿ ಎಂದರು. ಪೆನ್ನು ತೋರಿಸಿದರೆ ಹಬ್ಬದ ಲೈಟಿನ ಥರ ಇದೆ ಎಂದು ನಕ್ಕರು. ನನಗೆ ರೇಗಿತು. ಆದರೆ ರೇಗುವ ಹಕ್ಕು ನನಗಿರಲಿಲ್ಲ.

ಎದುರಿನ ಬೋಂಡದ ಗಾಡಿಯಿಂದ ಚೆಲ್ಲಲು ಇಟ್ಟಿದ್ದ ಕರಿದ ಎಣ್ಣೆ ತಂದೆ. ಹಳೆಯ ಬಾಣಲೆಯೊಂದರಲ್ಲಿ ಹಾಕಿ, ಶೆಡ್ಡಿನಿಂದ ದೂರ ಬಯಲಿನಲ್ಲಿ ಸ್ಟೌ ಹಚ್ಚಿದೆ. ಎರಡು ಸಣ್ಣ ಸ್ಟೀಲ್ ಲೋಟಗಳಿಗೆ ತಂತಿ ಕಟ್ಟಿದೆ. ಒಂದರಲ್ಲಿ ಅವರ ಗಾಡಿಯಿಂದ ತೆಗೆದ ಆಯಿಲ್ ಎರಡು ಚಮಚ, ಇನ್ನೊಂದರಲ್ಲಿ ಹೊಸ ಡಬ್ಬಿಯದ್ದು ಎರಡು ಚಮಚ. ಎಣ್ಣೆ ಬೋಂಡ ಹಾಕುವ ಹದಕ್ಕೆ ಕಾದಾಗ ಎರಡನ್ನೂ ಒಟ್ಟಿಗೆ ಅದರೊಳಗೆ ಇಳಿಬಿಟ್ಟು ಹಿಡಿದೆ. ಗೂಡು ಬೇಯಿಸುವವರಿಗೆ ಗುಳ್ಳೆ ನೋಡುವುದನ್ನು ನಾವು ಹೇಳಿಕೊಡಬೇಕಿಲ್ಲ. ಯಜಮಾನರು ಬಗ್ಗಿ ನಿಂತರು. ಹಳೆಯದರ ತಳದಿಂದ ಸಣ್ಣ ಗುಳ್ಳೆ ಎದ್ದಿತು, ಆಮೇಲೆ ದೊಡ್ಡವು, ಆಮೇಲೆ ಕೊತಕೊತ ಕುದಿಯಿತು. ಹೊಸದು ಕೊನೆಯವರೆಗೂ ಮಿಸುಕಲಿಲ್ಲ.

"ಬಾಣಲೇಲಿ ಕುದೀತು, ಸರಿ. ನನ್ ಗಾಡೀಲೂ ಇದೇ ಆಯ್ತು ಅಂತ ಎಂಗೆ ನಂಬ್ಲಿ?" ಎಂದರು ಯಜಮಾನರು. ದನಿ ಮಾತ್ರ ಮೊದಲಿನಷ್ಟು ಗಡುಸಾಗಿರಲಿಲ್ಲ.

ಆಯಿಲ್ ಪೂರ್ತಿ ಬದಲಾಯಿಸಿ ಅದೇ ಇಳಿಜಾರಿಗೆ ಹೋಗೋಣ, ಬೇಕೆಂದೇ ಬ್ರೇಕ್ ಕಾಯಿಸುತ್ತ ಇಳಿಯೋಣ, ಪೆಡಲ್ ಒಂದು ಬೆರಳು ಜಾಸ್ತಿ ಇಳಿದರೂ ನನ್ನ ಗ್ಯಾರೇಜಿನ ಬೋರ್ಡು ಇಳಿಸುತ್ತೇನೆ ಎಂದೆ. ಅವರು ಒಪ್ಪಿದರು.

ಆಯಿಲ್ ಬದಲಾಯಿಸಲು ಇಬ್ಬರು ಬೇಕು, ಒಬ್ಬ ಪೆಡಲ್ ಮೇಲೆ, ಒಬ್ಬ ಚಕ್ರದ ಹತ್ತಿರ. ಪೆಡಲ್ ಮೇಲೆ ನಾನು ಕೂರಿಸಿದ್ದು ಆ ಡ್ರೈವರನ್ನೇ. ಮೊದಲು ಡಬ್ಬಿಯಲ್ಲಿದ್ದ ಹಳೆಯದನ್ನೆಲ್ಲ ಸಿರಿಂಜಿನಲ್ಲಿ ಎಳೆದು, ಒಳಗೆ ಒಣಬಟ್ಟೆಯಲ್ಲಿ ಒರೆಸಿ, ಹೊಸದು ತುಂಬಿದೆ. ಈ ಗಾಡಿಗೆ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರಬೇಕು, ಅಂದರೆ ಮೊದಲು ಹಿಂದಿನ ಎಡಗಡೆಯದ್ದು. ಅಲ್ಲೇ ಮೊದಲ ಪೆಟ್ಟು. ಆಯಿಲ್ ಹೊರಬರುವ ಸಣ್ಣ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕಿನ ಎಣ್ಣೆ ಬಿಟ್ಟೆ, ಮೆಲ್ಲಗೆ ತಟ್ಟಿದೆ, ಒಂದು ಗಂಟೆ ಕಾದೆ, ಮತ್ತೆ ಸ್ಪ್ಯಾನರ್ ಹಾಕಿದೆ. ಟಣ್ ಎಂದು ಮುರಿಯಿತು. ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯಲಾಗದು. ಆ ಚಕ್ರದ ಸಿಲಿಂಡರೇ ಹೊಸದು ಬೇಕಾಯಿತು. ರಾಮನಗರದಲ್ಲಿ ಸಿಗಲಿಲ್ಲ, ಚನ್ನಪಟ್ಟಣದ ಅಂಗಡಿಯೊಂದರಲ್ಲಿ ಇದೆ ಎಂದರು, ಹೋಗಿ ತರುವಷ್ಟರಲ್ಲಿ ಶನಿವಾರ ಮುಗಿಯಿತು.

ಭಾನುವಾರ ಹೊಸ ಸಿಲಿಂಡರ್ ಕೂರಿಸಿ, ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಶುರು ಮಾಡಿದೆವು. ನಾನು ಒತ್ತು ಅಂದರೆ ಅವನು ಒತ್ತುವುದು, ಹಿಡಿ ಅಂದರೆ ಹಿಡಿಯುವುದು, ನಾನು ನಿಪ್ಪಲ್ ಬಿಚ್ಚಿ, ಆಯಿಲ್ ಹರಿದು, ಮತ್ತೆ ಬಿಗಿ ಮಾಡಿದ ಮೇಲೆ ಬಿಡು ಅಂದರೆ ಬಿಡುವುದು. ಒಂದು ಹೆಚ್ಚುಕಡಿಮೆಯಾದರೂ ಗಾಳಿ ಒಳಗೆ ಹೋಗುತ್ತದೆ. ಡಿಕಾಕ್ಷನ್ ಬಣ್ಣ ತಿಳಿಯಾಗುತ್ತ ಬಂದು, ಕೊನೆಗೆ ಜೇನಿನ ಬಣ್ಣ ಕಂಡಿತು. ಎರಡು ಚಕ್ರ ಮುಗಿಯಿತು. ಮೂರನೆಯದರಲ್ಲಿದ್ದಾಗ ಶಾಲೆಯ ವ್ಯಾನಿನವನ ಫೋನು ಬಂತು. ಶುಕ್ರವಾರ ಸಂಜೆಯಿಂದ ಅವನನ್ನು ಹುಡುಕುತ್ತಿದ್ದೆ. ಸೋಮವಾರ ಮಕ್ಕಳನ್ನು ಹತ್ತಿಸಬೇಡ, ಬೆಳಿಗ್ಗೆಯೇ ಗಾಡಿ ತಾ, ಪೂರ್ತಿ ಬದಲಾಯಿಸಿ ಕೊಡುತ್ತೇನೆ ಎಂದು ಹೇಳುತ್ತಲೇ ಇನ್ನೊಂದು ಕೈಯಲ್ಲಿ ನಿಪ್ಪಲ್ ಬಿಚ್ಚುತ್ತಿದ್ದೆ. ಮೇಲೆ ಡಬ್ಬಿ ಬರಿದಾದದ್ದು ನೋಡಲಿಲ್ಲ. ಗೊರಗೊರ ಎಂದು ಗಾಳಿ ಎಳೆಯಿತು.

ಮತ್ತೆ ಮೊದಲಿನಿಂದ. ನಾಲ್ಕೂ ಚಕ್ರ.

"ಬುಡಣ್ಣ, ನನ್ ಕಾಲಿಗೆ ಬೇರೆ ಕೆಲ್ಸ ಏನೈತೆ," ಎಂದ ಡ್ರೈವರು. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ಆಗಲೇ. ನನಗೂ ನಗು ಬಂತು. ಸಂಜೆಗೆ ನಾಲ್ಕೂ ಚಕ್ರದಿಂದ ಬಂದ ಆಯಿಲ್‌ಗೆ ಪೆನ್ನು ಅದ್ದಿದೆ. ನಾಲ್ಕೂ ಹಸಿರು. ಬಾನೆಟ್ಟಿನ ಮೇಲೆ ಬಿದ್ದ ಹನಿಗಳನ್ನು ನೀರಿನಿಂದ ತೊಳೆದೆ, ಬಿಟ್ಟರೆ ಬ್ರೇಕ್ ಆಯಿಲ್ ಬಣ್ಣವನ್ನು ಸುಲಿದುಹಾಕುತ್ತದೆ. ಆ ಬಾಟಲಿಯನ್ನು ಮಾತ್ರ ಕತ್ತರಿಸಿ ಎಸೆದೆ, ಮೊಳೆಯನ್ನೂ ಕಿತ್ತೆ.

ಸೋಮವಾರ ವ್ಯಾನಿನ ಕೆಲಸ ಮುಗಿಸಿ ಮಂಗಳವಾರ ಸಂಗಮಕ್ಕೆ ಹೊರಟೆವು. ಗಾಡಿ ತಾವೇ ಓಡಿಸುವುದಾಗಿ ಯಜಮಾನರು ಹೇಳಿದ್ದರು. ಆದರೆ ನಾನೂ ಡ್ರೈವರೂ ಅವರ ಮನೆ ಬಾಗಿಲಿಗೆ ಹೋದರೆ ಅವ್ವ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು, ಮುಂದಿನ ಸೀಟಿನ ಬಾಗಿಲು ತೆಗೆದು ನಿಂತಿದ್ದರು. ಗಾಡಿ ಗುದ್ದಿದ ಮೇಲೆ ಇನ್ನು ಕಾರು ಹತ್ತುವುದಿಲ್ಲ ಎಂದಿದ್ದರಂತೆ. ಮಗ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಅವತ್ತು ನಿದ್ದೆ ಮಾಡಿದ್ದು ನಾನು ಕಣಪ್ಪ," ಎಂದರು ಅವ್ವ. "ಇವತ್ತು ಎದ್ದಿರ್ತೀನಿ. ಗಾಡಿ ಅವ್ನೇ ಓಡುಸ್ಲಿ."

ಡ್ರೈವರು ಕೂತ. ಯಜಮಾನರೂ ನಾನೂ ಹಿಂದೆ. ಇಳಿಜಾರು ಶುರುವಾಗುವ ಕಡೆ ನಾನು ಅವನಿಗೆ, ಒಳ್ಳೆಯ ಡ್ರೈವರು ಮಾಡಬಾರದ್ದನ್ನೆಲ್ಲ ಮಾಡು ಎಂದೆ. ಗೇರಿನಲ್ಲಿ ಹಿಡಿಯಬೇಡ, ಬ್ರೇಕಿನಲ್ಲೇ ಹಿಡಿ. ಅವನ ಕೈ ಅಭ್ಯಾಸದಿಂದ ಗೇರಿನ ಕಡೆ ಹೋಗುವುದು, ನಾನು ಹಿಂದಿನಿಂದ ಬೇಡ ಎನ್ನುವುದು. ಒಂದು ತಿರುವು, ಎರಡು, ಮೂರು. ಪ್ಯಾಡು ಸುಟ್ಟ ವಾಸನೆ ಒಳಗೆ ಬಂತು. ಯಜಮಾನರು ಮುಂದಿನ ಸೀಟು ಹಿಡಿದುಕೊಂಡರು. ನನಗೂ ಬೆವರು. ಪೆನ್ನು, ಬಾಣಲೆ, ಲೆಕ್ಕಾಚಾರ ಎಲ್ಲ ಒಂದು ಕಡೆ, ಮುಂದೆ ಕೂತ ಆ ಮುದುಕಿ ಒಂದು ಕಡೆ. ಮಾತಾಡುತ್ತಿದ್ದವರು ಅವ್ವ ಒಬ್ಬರೇ. ಅಗೋ ಕೋತಿ, ಅಗೋ ಹುಣಸೆಮರ ಎಂದು ತಾನು ಎದ್ದಿರುವುದನ್ನು ಸಾಬೀತು ಮಾಡುತ್ತ ಬಂದರು.

ಗುದ್ದಿದ ಜಾಗ ಬಂತು. ಮಣ್ಣಿನಲ್ಲಿ ಗುರುತು ಇನ್ನೂ ಇತ್ತು.

"ಎಂಗೈತೆ?" ಎಂದು ಕೇಳಿದೆ.

"ಕಲ್ಲು ಕಣಣ್ಣ," ಎಂದ ಅವನು. "ಕಲ್ಲು."

ಅಲ್ಲೇ ತುಳಿದ. ಗಾಡಿ ನಿಂತಿತು. ಬಿಟ್ಟ, ಇಳಿದ, ಮತ್ತೆ ತುಳಿದ, ಮತ್ತೆ ನಿಂತಿತು. ನದಿಯ ಹತ್ತಿರದ ಸಪಾಟು ನೆಲ ತಲುಪುವವರೆಗೂ ಪೆಡಲ್ ಒಂದು ಕೂದಲೆಳೆ ಇಳಿಯಲಿಲ್ಲ. ನಾನು ಬಾಗಿಲು ತೆಗೆದು ಇಳಿದು, ಯಾರು ನೋಡುತ್ತಿದ್ದಾರೆ ಎಂದೂ ನೋಡದೆ ಚಪ್ಪಾಳೆ ತಟ್ಟಿದೆ. ನನ್ನ ಬದುಕಿನಲ್ಲಿ ಯಾವ ಎಂಜಿನ್ ಸ್ಟಾರ್ಟ್ ಆದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಯಜಮಾನರು ಮುಂದಿನ ಚಕ್ರದ ಹತ್ತಿರ ಬಗ್ಗಿ ಕೈ ಒಡ್ಡಿ, ಬಿಸಿಗೆ ತಟ್ಟನೆ ಹಿಂದೆಗೆದರು. ಆಮೇಲೆ ಡ್ರೈವರಿಗೆ, ನಾಳೆ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಬೇಕು, ಬಂದುಬಿಡು ಎಂದರು. ಅವರ ಪ್ರಕಾರ ಅಲ್ಲಿಗೆ ವಿಷಯ ಮುಗಿದಿತ್ತು. ನನಗೂ ಮುಗಿಯಿತು ಅನ್ನಿಸಿತು. ಡ್ರೈವರು ಟವಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬತ್ತೀನಿ ಯಜಮಾನ್ರೆ. ಆದ್ರೆ ನಿದ್ದೆ ಹೊಡ್ದ ಅಂತ ನೀವು ಅಂದಿದ್ದು ನಾಕ್ ಜನದ್ ಮುಂದೆ. ಇಲ್ಲ ಅನ್ನೋದ್ನೂ ಅವ್ರ ಮುಂದೇನೇ ಅನ್ಬೇಕು."

ಇಪ್ಪತ್ತೆರಡು ವರ್ಷದಲ್ಲಿ ಅವನು ಅವರಿಗೆ ಎದುರಾಡಿದ್ದು ಅದೇ ಮೊದಲಿರಬೇಕು. ಯಜಮಾನರ ಮುಖ ಕೆಂಪಾಯಿತು. ಅವ್ವ ಸೀಟಿನಲ್ಲಿ ಕೂತೇ, ಅವನು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಮಗನನ್ನು ಕೇಳಿದರು.

ಬುಧವಾರ ಬೆಳಿಗ್ಗೆ ನಾನೂ ಗೂಡಿನ ಮಾರ್ಕೆಟ್ಟಿಗೆ ಹೋದೆ. ನನ್ನ ಪಾಲಿನದೂ ಹೇಳಬೇಕಿತ್ತಲ್ಲ. ಹರಾಜು ಶುರುವಾಗುವ ಮುಂಚೆ ಜನ ಗೂಡು ಕೈಯಲ್ಲಿ ಹಿಡಿದು, ಅಲುಗಿಸಿ ನೋಡುತ್ತ ಓಡಾಡುತ್ತಿದ್ದರು. ಯಜಮಾನರು ನಡುವೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. ಅವರು ಹಿಂದೇಟು ಹಾಕಬಹುದು ಎಂದು ನನಗೆ ಭಯವಿತ್ತು. ಹಾಕಲಿಲ್ಲ. ಮನುಷ್ಯ ದೊಡ್ಡವರೇ.

"ಅವತ್ತು ಇವ್ನು ನಿದ್ದೆ ಮಾಡಿರ್ನಿಲ್ಲ. ಬ್ರೇಕ್ ಓಗಿತ್ತು. ಬ್ರೇಕ್ ಇಲ್ದೆ ಗಾಡಿ ನಿಲ್ಸಿ ಆರು ಜನಾನ ಉಳಿಸ್ದೋನು ಇವ್ನು. ನಾನು ಬಾಯಿಗ್ ಬಂದಂಗೆ ಅಂದ್ಬುಟ್ಟೆ, ತಪ್ಪಾಯ್ತು."

ಬ್ರೇಕ್ ಹೋಗಿದ್ದು ನನ್ನ ಕೆಲಸದಿಂದ ಎಂದು ನಾನೂ ಅಷ್ಟೇ ಗಟ್ಟಿಯಾಗಿ ಹೇಳಿದೆ. ತೂತಿನ ಬಾಟಲಿಯ ವಿಷಯವನ್ನೂ ಹೇಳಿದೆ, ನನ್ನಲ್ಲಿ ಯಾರ್ಯಾರು ಬ್ರೇಕ್ ಮಾಡಿಸಿದ್ದೀರೋ ಎಲ್ಲರೂ ಬನ್ನಿ ಎಂದೆ. ಡ್ರೈವರುಗಳ ಗುಂಪಿನಿಂದ ಒಬ್ಬ, ಏನ್ಲಾ, ನಮಗೆಲ್ಲ ಇಷ್ಟು ದಿನ ತೀರ್ಥ ಹಾಕಿದ್ಯಾ ಎಂದ. ಎಲ್ಲರೂ ಹೋ ಎಂದು ನಕ್ಕರು. ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡೆ. ಆ ವಾರ ನನ್ನ ಶೆಡ್ಡಿನ ಮುಂದೆ ರಸ್ತೆಯವರೆಗೂ ಗಾಡಿ ನಿಂತಿದ್ದವು, ಬೈದುಕೊಂಡೇ ಬಂದವರು ಮುಂದೆಯೂ ನನ್ನಲ್ಲಿಗೇ ಬಂದರು.

ಯಜಮಾನರು ಜೇಬಿನಿಂದ ಕೀ ತೆಗೆದು ಕೊಟ್ಟರು. ಡ್ರೈವರು ಎರಡು ಕೈಯಲ್ಲಿ ಇಸಿದುಕೊಂಡ. ಅವನ ಕಣ್ಣು ತುಂಬಿತ್ತು, ನನ್ನದೂ. ಮನೆಗೆ ಹೊರಡುವ ಹೊತ್ತಾಗಿರಲಿಲ್ಲ, ಗಾಡಿ ತೆಗೆಯುವ ಕೆಲಸವೂ ಇರಲಿಲ್ಲ. ಆದರೂ ಅವನು ಕೀಯನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವಂತೆ ಬೆರಳಿಗೆ ಸಿಕ್ಕಿಸಿಕೊಂಡು, ಗೂಡಿನ ರಾಶಿಗಳ ನಡುವೆ ಸುಮ್ಮನೆ ಎರಡು ಸುತ್ತು ಹಾಕಿ ಬಂದ.